ಎಡಗಾಲು ದೊಡ್ಡವನದು

“ಹೋದ ಸಲ ಗಾಡಿ ಎಡಕ್ಕೆ ಮೂತಿ ತಿರುಗಿಸ್ತಿತ್ತು, ಈ ಸಲ ಬಲಕ್ಕೆ,” ಎಂದರು ಹಲ್ಲಿನ ಡಾಕ್ಟರಮ್ಮ, ಹೆಲ್ಮೆಟ್ಟನ್ನು ಇನ್ನೂ ಪೂರ್ತಿ ತೆಗೆಯದೆ. “ಮುಂದಿನ ಬ್ರೇಕ್ ಒತ್ತಿದ್ರೆ ಸಾಕು, ಮುನಿಸಿಕೊಂಡವರ ಹಾಗೆ ಆ ಕಡೆ ತಿರುಗಿಬಿಡುತ್ತೆ. ಎಡದವಡೆ ನೋವು ಅಂತ ಬಂದವರಿಗೆ ನಾನು ಬಲದವಡೆ ಹಲ್ಲು ಕಿತ್ತು ಕಳಿಸಿದ್ರೆ ಏನಂತಾರೆ, ನೀವೇ ಹೇಳಿ.”

“ಇನ್ನೂ ಯಾವ ಹಲ್ಲೂ ಕಿತ್ತಿಲ್ಲ ಡಾಕ್ಟ್ರೇ, ಬರೀ ತೂತು ಮುಚ್ಚಿದ್ದೀವಿ,” ಎಂದಳು ಶೆಡ್ಡಿನ ಮೂವರು ಒಡಹುಟ್ಟಿದವರಲ್ಲಿ ನಡುವಿನವಳು, ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ.

ಡಾಕ್ಟರು ನಗಲಿಲ್ಲ. ಅವರು ಹಳೆಯ ಬೈಕನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿ, ಅದರ ಉದ್ದನೆಯ ಟ್ಯಾಂಕಿನ ಮೇಲೆ ಅಂಗೈ ಇಟ್ಟರು. “ಇದು ನನ್ನ ಸೋದರತ್ತೆ ಓಡಿಸ್ತಿದ್ದ ಗಾಡಿ. ಅವರ ಕಾಲದಲ್ಲಿ ಗಾಡಿ ನೆಟ್ಟಗೆ ಹೋಗ್ತಿತ್ತು, ಸೋದರತ್ತೆನೇ ಸ್ವಲ್ಪ ಸೊಟ್ಟ. ಈಗ ಇದೂ ಕಲಿತುಬಿಟ್ಟಿದೆ.”

ಶೆಡ್ಡಿನ ಎಡಗೋಡೆಯ ಬಳಿ ನಿಂತಿದ್ದ ದೊಡ್ಡವನು ತನ್ನ ಮೇಜಿನ ಮೇಲಿನ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತ, “ನನ್ನ ಕಾಲು ಸರಿಯಾಗೇ ಇದೆ,” ಎಂದ. ಮಾತು ಗೋಡೆಯನ್ನು ಉದ್ದೇಶಿಸಿತ್ತು.

“ನನ್ನ ಕಾಲಲ್ಲೂ ಏನಿಲ್ಲ,” ಎಂದ ಚಿಕ್ಕವನು, ಬಲಗೋಡೆಗೆ.

“ನಿಮ್ಮಿಬ್ಬರ ಕಾಲು ಕಟ್ಟಿಕೊಂಡು ನಾನೇನ್ರೀ ಮಾಡಲಿ? ನನ್ನ ಗಾಡಿ ಕಾಲು ನೋಡಿ,” ಎಂದು ಡಾಕ್ಟರು ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ಸರಿಯಾದ ಮೇಲೇ ಫೋನ್ ಮಾಡಿ. ಅವಸರ ಇಲ್ಲ. ಆದರೆ ಇನ್ನೊಂದು ಸಲ ಬೇಡ, ಆಯ್ತಾ? ತಿರುವಿನಲ್ಲಿ ಒಂದು ಲಾರಿ ಬಂತು. ನನ್ನ ಪೇಷಂಟುಗಳಿಗೆ ಬರೋ ಥರ ನನಗೂ ಅಂಗೈ ಬೆವತುಹೋಯ್ತು.”

ಅವರು ಹೋದ ಮೇಲೆ ಶೆಡ್ಡಿನಲ್ಲಿ ಬಿಸಿ ಎಂಜಿನ್ನು ತಣಿಯುವ ಟಿಕ್ ಟಿಕ್ ಸದ್ದು ಮಾತ್ರ ಉಳಿಯಿತು.

ಅಜ್ಜಿ ಕತೆಗಳ ರಾಜರು ಮಕ್ಕಳಿಗೆ ರಾಜ್ಯ ಹಂಚುತ್ತಿದ್ದರು. ಈ ಮೂವರ ಅಪ್ಪ ಗಾಡಿ ಹಂಚಿದ್ದ. ಹಳೆಯ ಗಾಡಿಗಳ ಮುಂದಿನ ಫೋರ್ಕು ಬಿಚ್ಚಿ ಕಟ್ಟುವುದರಲ್ಲಿ ಅವನದು ದೊಡ್ಡ ಹೆಸರು. ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಎರಡು ಕೊಳವೆಗಳೇ ಫೋರ್ಕಿನ ಕಾಲುಗಳು. ಒಂದೊಂದರೊಳಗೂ ಉದ್ದನೆಯ ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಗುಂಡಿ ಬಂದರೆ ಸ್ಪ್ರಿಂಗು ಕುಗ್ಗುತ್ತದೆ, ಅದು ಪುಟಿದೇಳದಂತೆ ಎಣ್ಣೆ ತಡೆಯುತ್ತದೆ, ಅಷ್ಟೇ ವಿದ್ಯೆ. ಮಕ್ಕಳು ಸಣ್ಣವರಿದ್ದಾಗ ಒಂದೇ ಸ್ಪ್ರಿಂಗಿಗಾಗಿ ಇಬ್ಬರು ಗಂಡುಮಕ್ಕಳೂ ಕಿತ್ತಾಡಿ ಚಿಕ್ಕವನ ಹುಬ್ಬು ಒಡೆದ ದಿನ, ಅಪ್ಪ ಎಡಗಾಲನ್ನು ದೊಡ್ಡವನ ಕೈಗೂ ಬಲಗಾಲನ್ನು ಚಿಕ್ಕವನ ಕೈಗೂ ಕೊಟ್ಟು, “ಇವತ್ತಿಂದ ಅವನ ಕಾಲು ನೀನು ಮುಟ್ಟಬಾರದು, ನಿನ್ನ ಕಾಲು ಅವನು ಮುಟ್ಟಬಾರದು,” ಎಂದಿದ್ದ. “ನನಗೆ?” ಎಂದು ಕೇಳಿದ ನಡುವಿನವಳಿಗೆ, “ಗಾಡಿಗೆ ಮೂರನೇ ಕಾಲಿಲ್ಲಮ್ಮ, ನೀನು ಗಂಟಲು ನೋಡ್ಕೊ,” ಎಂದು ಎಂಜಿನ್ನಿಗೆ ಪೆಟ್ರೋಲು, ಗಾಳಿ ಕುಡಿಸುವ ಕಾರ್ಬ್ಯುರೇಟರನ್ನು ಕೊಟ್ಟಿದ್ದ. ಆಟಕ್ಕೆಂದು ಶುರುವಾದದ್ದು ಕಸುಬಿನ ಕಟ್ಟಳೆಯಾಗಿ ಮೂವತ್ತು ವರ್ಷ ನಡೆದಿತ್ತು. ಬಂದ ಗಾಡಿ ಯಾವುದೇ ಆಗಲಿ, ಎಡಗಾಲು ಎಡಗೋಡೆಯ ಮೇಜಿಗೆ ಹೋಗುತ್ತಿತ್ತು, ಬಲಗಾಲು ಬಲಗೋಡೆಯದಕ್ಕೆ, ಕಾರ್ಬ್ಯುರೇಟರು ಹಿಂಗೋಡೆಯ ನಟ್ಟನಡುವೆ ಕಿಟಕಿಯ ಕೆಳಗಿದ್ದ ಅವಳ ಮೇಜಿಗೆ. ಒಬ್ಬರ ಪಾಲನ್ನು ಇನ್ನೊಬ್ಬರು ಬಿಚ್ಚುತ್ತಿರಲಿಲ್ಲ. ಮಾತಿನಲ್ಲಿ ಹೇಳಿಕೊಂಡು ಎರಡು ಕಾಲನ್ನೂ ಒಂದೇ ಹದಕ್ಕೆ ತರುತ್ತಿದ್ದರು.

ಮಾತು ನಿಂತು ಏಳು ತಿಂಗಳಾಗಿತ್ತು.

ಜಗಳದ ಮೂಲ ಹೆಬ್ಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ಪೈಪಿನ ತುಂಡು. ಹಳೆಯ ಗಾಡಿಗಳ ಸ್ಪ್ರಿಂಗು ವರ್ಷಗಳ ಮೇಲೆ ಸೋತು ಗಿಡ್ಡವಾಗುತ್ತದೆ. ಅದಕ್ಕೆ ಎಣ್ಣೆಯನ್ನೇ ದಪ್ಪ ಹಾಕಬೇಕು ಎನ್ನುವುದು ಅಪ್ಪನ ಪದ್ಧತಿ, ದೊಡ್ಡವನದೂ ಅದೇ. ತೆಳು ಎಣ್ಣೆಯನ್ನೇ ಹಾಕಿ, ಸ್ಪ್ರಿಂಗಿನ ತಲೆಯ ಮೇಲೆ ಪೈಪಿನ ತುಂಡೊಂದನ್ನು ಇಟ್ಟು ಅದನ್ನು ಬಿಗಿ ಮಾಡಬೇಕು ಎನ್ನುವುದು ಚಿಕ್ಕವನ ವಾದ. ಇಬ್ಬರೂ ವಾದಿಸುತ್ತಲೇ ಒಂದೊಂದು ಗಾಡಿಗೆ ಒಬ್ಬೊಬ್ಬರ ಮಾತು ನಡೆಸಿಕೊಂಡು ಬಂದಿದ್ದರು. ಏಳು ತಿಂಗಳ ಹಿಂದೆ ದೊಡ್ಡವನು ಜ್ವರದಿಂದ ಮೂರು ದಿನ ಮನೆಯಲ್ಲಿ ಮಲಗಿದ್ದಾಗ, ಗಿರಾಕಿಯ ಒತ್ತಾಯಕ್ಕೆ ಚಿಕ್ಕವನು ಎಡಗಾಲನ್ನು ತಾನೇ ಬಿಚ್ಚಿ ಒಳಗೆ ತುಂಡು ಹಾಕಿ ಮುಚ್ಚಿದ. ನಾಲ್ಕನೆಯ ದಿನ ಬಂದ ದೊಡ್ಡವನು ಹ್ಯಾಂಡಲ್ಲನ್ನು ಒಂದೇ ಸಲ ಅದುಮಿ ನೋಡಿದ.

“ನನ್ನ ಕಾಲಿಗೆ ಕೈ ಹಾಕಿದ್ದೀಯ.”

“ಗಾಡಿ ಹೋಗ್ಬೇಕಿತ್ತು.”

“ನಾಳೆ ನಮ್ಮನೆ ಅಡುಗೆಗೂ ಬಂದು ಉಪ್ಪು ಹಾಕಿಬಿಡು.”

“ಅತ್ತಿಗೆ ಅಡುಗೆಗೆ ಯಾರಾದ್ರೂ ಹಾಕಲೇಬೇಕು.”

ಅದು ಅವರಿಬ್ಬರ ನಡುವಿನ ಕಡೆಯ ಮಾತು. ಆಮೇಲೆ ಮನೆಯವರು ಕೂತು ಮಾತಾಡಿದರು, ನೆಂಟರು ಬಂದು ಹೋದರು, ಯಾವುದೂ ನಾಟಲಿಲ್ಲ. ಶೆಡ್ಡನ್ನು ಉದ್ದಕ್ಕೆ ಎರಡಾಗಿ ಸೀಳಿ ನಡುವೆ ಗೋಡೆ ಎಬ್ಬಿಸುವುದೆಂದು ತೀರ್ಮಾನವಾಯಿತು. ಗಾರೆಯವನು ಬಂದು ನೀಲಿ ಪುಡಿಯ ದಾರ ಹಿಡಿದು ಬಾಗಿಲಿನಿಂದ ಹಿಂಗೋಡೆಯವರೆಗೆ ಗೆರೆ ಎಳೆದು ಹೋದ. ಗೆರೆ ನಡುವಿನವಳ ಮೇಜಿನ ಕೆಳಗೆ, ಅವಳು ಕೂರುವ ಸ್ಟೂಲಿನ ಮೂರು ಕಾಲುಗಳಲ್ಲಿ ಒಂದನ್ನು ಆಚೆಗೂ ಎರಡನ್ನು ಈಚೆಗೂ ಬಿಟ್ಟು ಹಾದುಹೋಗಿ, ಕಿಟಕಿಯ ಕೆಳಗೆ ನಿಂತಿತು. ಒಪ್ಪಿಕೊಂಡಿದ್ದ ಕೆಲಸಗಳು ಮುಗಿಯಲಿ, ಕಡೆಯ ಗಾಡಿ ಹೋದ ಮೇಲೆ ಇಟ್ಟಿಗೆ ಎಂದು ಮಾತಾಯಿತು. ಆ ಕಡೆಯ ಗಾಡಿಯೇ ಹಲ್ಲಿನ ಡಾಕ್ಟರದು.

“ನೀನು ಈ ಕಡೆ ಬಂದುಬಿಡು. ಬೆಳಕು ಚೆನ್ನಾಗಿದೆ,” ಎಂದಿದ್ದ ದೊಡ್ಡವನು ಒಂದು ದಿನ.

“ಅಕ್ಕ, ನನ್ನ ಕಡೆ ನಲ್ಲಿ ಇದೆ. ನಿಂಗೆ ದಿನಾ ಹತ್ತು ಸಲ ಕೈ ತೊಳೀಬೇಕು,” ಎಂದಿದ್ದ ಚಿಕ್ಕವನು ಅದೇ ವಾರ.

ಯೋಚಿಸಿ ಹೇಳುತ್ತೇನೆ ಎಂದು ಇಬ್ಬರಿಗೂ ಹೇಳಿದ್ದಳು. ಯೋಚಿಸಲು ಏನೂ ಇರಲಿಲ್ಲ. ಯಾವ ಕಡೆಗೆ ಹೋದರೂ ಇನ್ನೊಂದು ಕಡೆಯ ಗಾಡಿಗಳ ಗಂಟಲು ಅವಳ ಕೈಗೆ ಬರುವುದಿಲ್ಲ, ಇನ್ನೊಬ್ಬ ಒಡಹುಟ್ಟಿದವನ ಮನೆಯ ಬಾಗಿಲೂ ಹಾಗೇ ಮುಚ್ಚಿಕೊಳ್ಳುತ್ತದೆ. ಗಾಡಿ ಎಷ್ಟು ದಿನ ಸರಿಹೋಗದೆ ಇಲ್ಲೇ ನಿಲ್ಲುತ್ತದೋ ಅಷ್ಟು ದಿನ ಅವಳು ಎಲ್ಲಿ ಕೂತಿದ್ದಳೋ ಅಲ್ಲೇ ಕೂರಬಹುದಿತ್ತು.

ಮೊದಲ ಸಲ ಗಾಡಿ ವಾಪಸು ಬಂದಾಗ ಇಬ್ಬರೂ ಸುಮ್ಮನೆ ತಂತಮ್ಮ ಕಾಲು ಬಿಚ್ಚಿಕೊಂಡು ಹೋಗಿ, ಬೆನ್ನು ತಿರುಗಿಸಿ ಕೂತು, ಮಧ್ಯಾಹ್ನದೊಳಗೆ ತಂದು ಕೂರಿಸಿದ್ದರು. ಏನು ತಪ್ಪಾಗಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಈ ಸಲ ಹಾಗಾಗಲಿಲ್ಲ. ಇಬ್ಬರ ಮುಖದಲ್ಲೂ ನಿಜವಾದ ಗೊಂದಲವಿತ್ತು. ದೊಡ್ಡವನು ಚಕ್ರ ಬಿಚ್ಚಿ ಅದರ ನಡುವೆ ಹಾಯುವ ಆಕ್ಸಲ್ ಸರಳನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿದ. ಸೊಟ್ಟವಾಗಿದ್ದರೆ ಅದು ಕುಂಟಿಕೊಂಡು ಉರುಳಬೇಕು. ಅದು ಸರಾಗವಾಗಿ ಉರುಳಿ ಹೋಗಿ ಮೇಜಿನ ಅಂಚಿನಲ್ಲಿ ಅವನ ಅಂಗೈಗೆ ಬಿತ್ತು.

“ಆಕ್ಸಲ್ ನೆಟ್ಟಗಿದೆ ಅಂತ ಹೇಳು ಅವನಿಗೆ,” ಎಂದ, ತಂಗಿಗೆ.

ಚಿಕ್ಕವನು ಎಂಟು ಅಡಿ ದೂರದಲ್ಲಿದ್ದ. “ಕೇಳಿಸ್ತು ಅಂತ ಹೇಳಕ್ಕ. ಕಾಲುಗಳನ್ನ ಹಿಡಿದಿರೋ ಮೇಲಿನ ಹಿಡಿ ತಿರುಚಿಕೊಂಡಿದೆಯಾ ನೋಡಿದ್ನಾ ಅಂತ ಕೇಳು.”

“ದಾರ ಹಿಡಿದು ನೋಡಾಯ್ತು ಅಂತ ಹೇಳು.”

“ಎಷ್ಟು ದಾರ?”

“ಅವನ ಬಾಯಿ ಹೊಲಿಯೋವಷ್ಟು ಉಳಿದಿದೆ ಅಂತ ಹೇಳು.”

“ನನಗೆ ಕೂಲಿ ಕೊಡ್ತೀರಾ, ಇಬ್ರೂ?” ಎಂದಳು ನಡುವಿನವಳು. “ಟಪಾಲಿನವರಾದ್ರೂ ದಿನಕ್ಕೊಂದು ಸಲ ಬರೋದು.”

ಎರಡು ದಿನ ಹೀಗೇ ಕಳೆಯಿತು. ಕೊಳವೆಗಳನ್ನು ಉರುಳಿಸಿದರು, ನೆಟ್ಟಗಿದ್ದವು. ಎಣ್ಣೆ ತಡೆಯುವ ಸೀಲುಗಳು ಸೋರುತ್ತಿರಲಿಲ್ಲ. ಆಕ್ಸಲ್ಲಿನ ನಟ್ಟು ಬಿಗಿಯುವ ಮೊದಲು ಫೋರ್ಕನ್ನು ನಾಲ್ಕು ಸಲ ಅದುಮಿ ಕಾಲುಗಳನ್ನು ಹೊಂದಿಸಿಕೊಳ್ಳಬೇಕು, ಅದನ್ನೂ ಮಾಡಿದರು. ಗಾಡಿಯನ್ನು ಮತ್ತೆ ಜೋಡಿಸಿ ಚಿಕ್ಕವನು ಬೀದಿಯ ಕೊನೆಯವರೆಗೆ ಹೋಗಿಬಂದ. “ಬಲಕ್ಕೇ,” ಎಂದ, ಯಾರಿಗೂ ಅಲ್ಲ. ದೊಡ್ಡವನೂ ಹೋಗಿಬಂದ. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡು ಕೂತ.

ಮೂರನೆಯ ದಿನ ಬೆಳಿಗ್ಗೆ, ಗಾಡಿಯನ್ನು ಬದಿಗೆ ಸರಿಸಲೆಂದು ಹ್ಯಾಂಡಲ್ ಹಿಡಿದ ನಡುವಿನವಳು ಸುಮ್ಮನೆ ಬ್ರೇಕು ಒತ್ತಿ ಒಮ್ಮೆ ಅದುಮಿದಳು. ಮತ್ತೊಮ್ಮೆ ಅದುಮಿದಳು. ಅವಳು ಕಾಲುಗಳ ಕೆಲಸ ಮಾಡಿದವಳಲ್ಲ. ಆದರೆ ಮೂವತ್ತು ವರ್ಷ ಆ ಎರಡು ಕೈಗಳ ನಡುವೆ ಕೂತಿದ್ದಳು. ದೊಡ್ಡವನು ಕಟ್ಟಿದ ಕಾಲು ನಿಧಾನ, ಊಟವಾದ ಮೇಲೆ ಏಳುವವರ ಹಾಗೆ ಏಳುತ್ತದೆ. ಚಿಕ್ಕವನದು ಕರೆದ ಕೂಡಲೇ ಎದ್ದು ನಿಲ್ಲುತ್ತದೆ. ಈಗ ಅವಳ ಎಡಗೈಯ ಕೆಳಗಿನ ಕಾಲು ತಟ್ಟನೆ ಎದ್ದಿತು. ಬಲಗೈಯದು ಅದನ್ನು ಹಿಂಬಾಲಿಸಲಾರದೆ ಉಳಿಯಿತು.

ಅವಳು ಮೂರನೆಯ ಸಲ ಅದುಮಲಿಲ್ಲ.

ಜಗಳವಾದಂದಿನಿಂದ ಇಬ್ಬರೂ ಊಟಕ್ಕೆ ಒಟ್ಟಿಗೆ ಹೋಗುತ್ತಿರಲಿಲ್ಲ. ದೊಡ್ಡವನು ಒಂದು ಗಂಟೆಗೆ ಮನೆಗೆ ಹೋಗಿ ಎರಡಕ್ಕೆ ಬರುತ್ತಿದ್ದ, ಅವನ ನೆರಳು ಬಾಗಿಲಲ್ಲಿ ಕಂಡ ಕೂಡಲೇ ಚಿಕ್ಕವನು ಹೊರಡುತ್ತಿದ್ದ. ಅವತ್ತು ದೊಡ್ಡವನು ಹೋದ ಮೇಲೆ ಅವಳು ಚಿಕ್ಕವನಿಗೆ, “ಲೋ, ನನ್ನ ಕಾರ್ಬ್ಯುರೇಟರಿಗೆ ಒಂದು ವಾಷರ್ ಬೇಕು. ಹಳೇ ಸಾಮಾನಿನ ಅಂಗಡೀಲಿ ಮಾತ್ರ ಸಿಗೋದು,” ಎಂದಳು.

“ಈಗಲೇನಾ? ಹಸಿವಾಗ್ತಿದೆ.”

“ಹಸಿದವನು ಬೇಗ ಬರ್ತಾನೆ. ಹೋಗಿ ಬಾ.”

ಅವನು ಗೊಣಗುತ್ತ ಹೋದ. ಅವಳು ಗಾಡಿಯ ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದಳು. ಫೋರ್ಕಿನ ಕಾಲುಗಳ ತಲೆಯ ಮೇಲೆ ಒಂದೊಂದು ದಪ್ಪ ನಟ್ಟು ಮುಚ್ಚಳದ ಹಾಗೆ ಕೂತಿರುತ್ತದೆ. ಸ್ಪ್ಯಾನರ್ ಹಿಡಿದು ಅವಳು ಎಡಗಡೆಯ ನಟ್ಟಿನ ಎದುರು ಒಂದು ಗಳಿಗೆ ನಿಂತಳು. ಬೀದಿಯಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋದ ಸದ್ದಾಯಿತು. ಆಮೇಲೆ ತಿರುಗಿಸಿದಳು.

ಕಡೆಯ ಸುತ್ತಿಗೆ ನಟ್ಟು ಅವಳ ಅಂಗೈಗೆ ಗುದ್ದಿಕೊಂಡು ಮೇಲೆದ್ದಿತು. ಕೆಳಗೆ, ಸ್ಪ್ರಿಂಗಿನ ತಲೆಯ ಮೇಲೆ, ಪೈಪಿನ ತುಂಡೊಂದು ಹೊಳೆಯುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಎರಡು ತುದಿಯನ್ನೂ ಅರದಿಂದ ಉಜ್ಜಿ ಅಂಚು ಮುರಿದು, ಒಳಗಿನ ಅಂಚನ್ನೂ ಸವರಿ, ಮಗುವಿನ ಬಾಯಿಗೆ ಕೊಡಬಹುದಾದಷ್ಟು ನಯ ಮಾಡಿತ್ತು. ಅಷ್ಟು ನಾಜೂಕು ಈ ಶೆಡ್ಡಿನಲ್ಲಿ ದೊಡ್ಡವನಿಗೆ ಮಾತ್ರ ಇತ್ತು. ಸ್ಕೇಲು ಹಿಡಿದಳು: ಮೂವತ್ತೆರಡು ಮಿಲಿ. ಚಿಕ್ಕವನು ಎಲ್ಲ ಗಾಡಿಗೂ ಹೇಳುತ್ತಿದ್ದ ಅಳತೆ. ಸೈಕಲ್ಲಿನ ಕಡ್ಡಿಯೊಂದನ್ನು ಒಳಗೆ ಇಳಿಬಿಟ್ಟು ಎತ್ತಿದಾಗ ಅದರ ತುದಿಯಿಂದ ಕೆಂಪುಛಾಯೆಯ ತೆಳು ಎಣ್ಣೆ ಟಪಟಪನೆ ಉದುರಿತು.

ಬಲಗಡೆಯ ನಟ್ಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಸ್ಪ್ರಿಂಗಿನ ಮೇಲೆ ಏನೂ ಇರಲಿಲ್ಲ. ಕಡ್ಡಿಯ ತುದಿಗೆ ಹಳದಿ ಎಣ್ಣೆಯ ಒಂದು ಹನಿ ಜೇನಿನ ಹಾಗೆ ಉದ್ದವಾಯಿತು, ಇನ್ನಷ್ಟು ಉದ್ದವಾಯಿತು, ಬೀಳಲಿಲ್ಲ.

ಅವಳು ಸ್ಟೂಲು ಎಳೆದುಕೊಂಡು ಕೂತಳು. ಇನ್ನೊಂದು ತುಂಡು ಕತ್ತರಿಸಿ ಬಲಗಾಲಿಗೂ ಹಾಕಿ, ಎಣ್ಣೆ ಬದಲಾಯಿಸಿ, ಎರಡೂ ನಟ್ಟು ಬಿಗಿದರೆ ಅರ್ಧ ಗಂಟೆಯ ಕೆಲಸ. ಗಾಡಿ ನೆಟ್ಟಗೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ನಾಳೆ ಇಟ್ಟಿಗೆ ಬರುತ್ತದೆ. ಇದ್ದ ಹಾಗೇ ಮುಚ್ಚಿಟ್ಟರೆ ಇವರು ಇನ್ನೂ ಒಂದು ತಿಂಗಳು ಕೊಳವೆ ಉರುಳಿಸುತ್ತ ಕೂರುತ್ತಾರೆ, ಇಟ್ಟಿಗೆ ಬರುವುದಿಲ್ಲ. ಒಂದು ತಿಂಗಳೇನು, ಮೂರು ತಿಂಗಳಾದರೂ ಕೂರುತ್ತಾರೆ. ತಿರುವಿನಲ್ಲಿ ಬಂದ ಲಾರಿಯ ಮಾತು ಅವಳಿಗೆ ನೆನಪಾಯಿತು. ಅವಳು ಎದ್ದು ಸೀಟಿನ ಮೇಲೆ ಒಂದು ಬಟ್ಟೆ ಹಾಸಿದಳು. ಎಡಭಾಗದಲ್ಲಿ ಎಡಗಡೆಯ ನಟ್ಟು, ಅದರ ಪಕ್ಕ ಪೈಪಿನ ತುಂಡು. ಬಲಭಾಗದಲ್ಲಿ ಬಲಗಡೆಯ ನಟ್ಟು ಮಾತ್ರ. ಆಮೇಲೆ ಕೈ ತೊಳೆದು, ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು.

ಎರಡಕ್ಕೆ ಐದು ನಿಮಿಷವಿದ್ದಾಗ ದೊಡ್ಡವನು ಬಂದ. ಬಾಗಿಲಲ್ಲೇ ನಿಂತ.

“ಯಾರು ಬಿಚ್ಚಿದ್ದು?”

“ನಾನು.”

“ನನ್ನ ಕಾಲು ಬಿಚ್ಚೋಕೆ ನಿಂಗೆ ಯಾರು—”

“ಎರಡೂ ಬಿಚ್ಚಿದ್ದೀನಿ.”

ಅವನು ಸೀದಾ ಸೀಟಿನ ಬಳಿ ಬಂದು ಪೈಪಿನ ತುಂಡನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಕಿವಿಯ ತುದಿ ಕೆಂಪಾಗಿತ್ತು. “ಅವನಿಗೆ ಹೇಳ್ಬೇಡ,” ಎಂದ ಮೆಲ್ಲಗೆ. “ನಿಂಗೆ ಕೈ ಮುಗೀತೀನಿ. ಜೀವಮಾನ ಪೂರ್ತಿ ಆಡಿಕೊಂಡು ನಗ್ತಾನೆ.”

“ಯಾಕೆ ಹಾಕ್ದೆ ಮತ್ತೆ?”

“ಹೋದ ಸಲ ಎಡಕ್ಕೆ ತಿರುಗ್ತಿದೆ ಅಂತ ಡಾಕ್ಟ್ರು ಅಂದಾಗಲೇ ಗೊತ್ತಾಯ್ತಲ್ಲ, ಅವನು ಅವನ ಕಡೆ ತುಂಡು ಹಾಕಿದ್ದಾನೆ ಅಂತ. ಅವನಂತೂ ತೆಗೆಯೋನಲ್ಲ. ಹುಟ್ಟಿದಾಗಿಂದ ನೋಡಿದ್ದೀನಿ. ಗಾಡಿ ಓಡಿಸೋ ಹೆಂಗಸು ಬಿದ್ದು ಕೈಕಾಲು ಮುರ್ಕೊಂಡ್ರೆ? ಹೋಗ್ಲಿ ಅಂತ...” ಅವನು ಜೇಬನ್ನು ಅಂಗೈಯಲ್ಲಿ ಮುಚ್ಚಿಕೊಂಡ. “ಆದ್ರೂ ಸರಿಹೋಗ್ಲಿಲ್ಲ. ಅದೇ ನನಗೆ ಅರ್ಥ ಆಗ್ತಿಲ್ಲ.”

“ಬಲಗಡೆ ಬಗ್ಗಿ ನೋಡು.”

“ಅದು ಅವನದು.”

“ನೋಡು ಅಣ್ಣ.”

ಅವನು ಕನ್ನಡಕ ಸರಿಮಾಡಿಕೊಂಡು ಗಾಡಿಯ ಆ ಬದಿಗೆ ಹೋದ. ಮೂವತ್ತು ವರ್ಷದಲ್ಲಿ ಅವನು ಅಲ್ಲಿ ನಿಂತದ್ದನ್ನು ಅವಳು ಕಂಡಿರಲಿಲ್ಲ. ಬಲಗಾಲಿನ ಬಾಯಿಯೊಳಗೆ ಇಣುಕಿದ, ಬೆರಳು ಇಳಿಬಿಟ್ಟು ಸ್ಪ್ರಿಂಗಿನ ತಲೆ ಮುಟ್ಟಿದ, ಸುತ್ತಲೂ ತಡಕಿದ. ಅವಳು ಸೈಕಲ್ಲಿನ ಕಡ್ಡಿ ಕೊಟ್ಟಳು. ಅದನ್ನು ಅದ್ದಿ ಎತ್ತಿ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದ. ಮೂಸಿದ.

“ಇದು ಅಪ್ಪ ಹಾಕ್ತಿದ್ದ ಎಣ್ಣೆ,” ಎಂದ.

“ನನ್ನ ಕಾಲಲ್ಲಿ ನಿಂಗೇನು ಕೆಲಸ?” ಎಂದು ಬಾಗಿಲಿನಿಂದ ಚಿಕ್ಕವನ ಧ್ವನಿ ಬಂತು.

ಅಣ್ಣ ತಮ್ಮ ಏಳು ತಿಂಗಳ ನಂತರ ಮುಖಕ್ಕೆ ಮುಖ ಕೊಟ್ಟು ನೋಡಿದರು. ಚಿಕ್ಕವನ ಕೈಯಲ್ಲಿ ವಾಷರಿನ ಸಣ್ಣ ಪೊಟ್ಟಣವಿತ್ತು. ದೊಡ್ಡವನ ಕೈಯಲ್ಲಿ ಎಣ್ಣೆಯ ಕಡ್ಡಿಯಿತ್ತು.

“ಇದಕ್ಕೆ ತುಂಡು ಯಾಕೆ ಹಾಕಿಲ್ಲ?” ಎಂದ ದೊಡ್ಡವನು.

“ಹಾಕಿದ್ದೆ. ಹೋದ ಸಲ ಗಾಡಿ ವಾಪಸು ಬಂದಾಗ ತೆಗೆದೆ.”

“ಯಾಕೆ ತೆಗೆದೆ?”

“ನೀನು ಹಾಕೋನಲ್ಲವಲ್ಲ! ಸತ್ರೂ ಹಾಕಲ್ಲ. ಗಾಡಿ ಸೊಟ್ಟ ಹೋಗ್ತಿತ್ತು. ನಿನ್ನ ಹಠಕ್ಕೆ ಡಾಕ್ಟ್ರು ಯಾಕೆ ಬೀಳ್ಬೇಕು ಅಂತ ನಾನೇ—” ಅವನು ಅಲ್ಲಿಗೆ ನಿಲ್ಲಿಸಿ, ಸೀಟಿನ ಮೇಲೆ ಹಾಸಿದ್ದ ಬಟ್ಟೆ ನೋಡಿದ. “ಅಕ್ಕ, ಏನಿದು?”

ಅವಳು ಬಾಯಲ್ಲಿದ್ದ ತುತ್ತು ನುಂಗಿದಳು. “ಅವನ ಜೇಬು ನೋಡು.”

ದೊಡ್ಡವನು ಜೇಬಿಗೆ ಕೈ ಹಾಕಲಿಲ್ಲ. ತೆಳುವಾದ ಅಂಗಿ, ತುಂಡಿನ ಆಕಾರ ಎದ್ದು ಕಾಣುತ್ತಿತ್ತು. ಚಿಕ್ಕವನು ಬಂದು ಅವನೆದುರು ನಿಂತು ಎರಡು ಬೆರಳಿನಿಂದ ಅದನ್ನು ಜೇಬಿನಿಂದ ಎತ್ತಿಕೊಂಡ. ತಿರುಗಿಸಿ ನೋಡಿದ. ಅಂಚಿನ ಮೇಲೆ ಉಗುರು ಆಡಿಸಿದ. ನಗುತ್ತಾನೆ ಎಂದು ಅವಳು ಕಾದಳು. ಅವನು ನಗಲಿಲ್ಲ.

“ಮೂವತ್ತೆರಡಾ?” ಎಂದ.

“ಮೂವತ್ತೆರಡು.”

ದೊಡ್ಡವನು ಕಡ್ಡಿಯನ್ನು ಬಟ್ಟೆಯ ಮೇಲಿಟ್ಟು, “ಇನ್ನೊಂದು ಕತ್ತರಿಸ್ತೀನಿ. ಬಲಕ್ಕೂ ಹಾಕು,” ಎಂದ.

“ಬೇಡ. ಇದನ್ನೂ ಹೊರಗೇ ಇಡು. ಅಪ್ಪನ ಎಣ್ಣೆನೇ ಸರಿ.”

“ಯಾಕೆ ಸರಿ? ಸ್ಪ್ರಿಂಗ್ ಸೋತಿದೆ ಅಂತ ಬಾಯಿ ಬಡ್ಕೊಂಡೋನು ನೀನೇ ಅಲ್ವಾ?”

“ಬಡ್ಕೊಂಡೆ. ಆದ್ರೆ ತುಂಡು ಹಾಕಿದ್ರೆ ಮುಂದುಗಡೆ ಎತ್ತರ ಆಗುತ್ತೆ. ಪೂರ್ತಿ ಮೇಲೆ ಬಂದಾಗ ಟಕ್ ಅಂತ ಹೊಡೆಯುತ್ತೆ. ನೀನೇ ಹೇಳ್ತಿದ್ದೆ.”

“ನಾನು ಹೇಳಿದ್ದು ತಪ್ಪು. ಹೊಡೆಯಲ್ಲ. ಹಾಕಿ ನೋಡಿದ್ದೀನಲ್ಲ ನಾನು.”

“ನಾನೂ ದಪ್ಪ ಎಣ್ಣೆ ಹಾಕಿ ನೋಡಿದೆ. ಮೆತ್ತಗಿದೆ. ಚೆನ್ನಾಗಿದೆ.”

“ಚಳಿಗಾಲದಲ್ಲಿ ಗಟ್ಟಿಯಾಗುತ್ತೆ ಕಣೋ! ನಿನ್ನ ತಲೆ ಥರ!”

“ಹತ್ತು ವರ್ಷ ಅದನ್ನೇ ಅಲ್ವಾ ನಾನು ಹೇಳಿದ್ದು? ಆಗ ಕೇಳಿದ್ಯಾ? ಈಗ ನಾನು ಹೇಳ್ತೀನಿ, ಗಟ್ಟಿ ಆಗಲ್ಲ!”

“ಆಗುತ್ತೆ!”

ಧ್ವನಿ ತಾರಕಕ್ಕೇರಿತು. ಪಕ್ಕದ ಟೈರಿನ ಅಂಗಡಿಯವನು ಬಂದು ಇಣುಕಿ, ಏನೋ ಅನಾಹುತವೆಂದುಕೊಂಡು ಅವಳ ಕಡೆ ಹುಬ್ಬು ಹಾರಿಸಿದ. ಅವಳು ಊಟದ ಡಬ್ಬಿಯ ಮುಚ್ಚಳ ಹಾಕುತ್ತ, ಏನಿಲ್ಲ ಎಂಬಂತೆ ತಲೆಯಾಡಿಸಿದಳು. ದೊಡ್ಡವನು ಪೈಪಿನ ತುಂಡಿನ ಗುಣಗಾನ ಮಾಡುತ್ತಿದ್ದ. ಚಿಕ್ಕವನು ಅಪ್ಪನ ಕಾಲದ ಗಾಡಿಗಳ ಪಟ್ಟಿ ಹಿಡಿದಿದ್ದ. ಯಾರ ವಾದ ಯಾರದೆಂಬುದು ಅವರಿಗೇ ತಪ್ಪಿಹೋಗಿತ್ತು. ಒಂದು ಹಂತದಲ್ಲಿ ದೊಡ್ಡವನು ಅಡುಗೆಯ ಉಪ್ಪಿನ ಮಾತೆತ್ತಿದ, ಚಿಕ್ಕವನು ಹುಬ್ಬಿನ ಗಾಯ ತೋರಿಸಿದ.

“ಅಳೆದು ನೋಡಿದ್ರೆ ಮುಗೀತು,” ಎಂದಳು ಅವಳು ಕಡೆಗೆ. “ಎಡಗಡೆ ಹೇಗೂ ತುಂಡು ಇತ್ತು. ಮೊದಲು ಬಲಕ್ಕೂ ಹಾಕಿ, ಎಣ್ಣೆ ಒಂದೇ ಮಾಡಿ. ಮೇಲೆ ಒಬ್ಬರು ಕೂತಾಗ ಎಷ್ಟು ಕುಸಿಯುತ್ತೆ ಅಳೆಯೋಣ. ಜಾಸ್ತಿ ಬಿಗಿ ಅನಿಸಿದ್ರೆ ಎರಡೂ ತೆಗೆಯೋಣ.”

ಇಬ್ಬರಿಗೂ ಸೋತಂತಾಗದ ಮಾತು ಅದೊಂದೇ ಆದ್ದರಿಂದ ಒಪ್ಪಿದರು. ದೊಡ್ಡವನು ಹ್ಯಾಕ್ಸಾ ಹಿಡಿದು ತುಂಡು ಕತ್ತರಿಸಿದ. ಚಿಕ್ಕವನು ಬಲಗಾಲಿನ ಬುಡದ ತಿರುಪು ಬಿಚ್ಚಿ ಹಳದಿ ಎಣ್ಣೆಯನ್ನು ಡಬ್ಬಕ್ಕೆ ಇಳಿಸಿದ. ಅದು ಇಳಿಯಲು ಬಹಳ ಹೊತ್ತು ಹಿಡಿಯಿತು. ತುಂಡು ಕೈಯಿಂದ ಕೈಗೆ ಹೋಯಿತು.

“ಒಂದು ಕಡೆ ಅಂಚು ಉಜ್ಜಿಲ್ಲ,” ಎಂದ ಚಿಕ್ಕವನು.

“ನಿನ್ನ ಕಾಲಿಗೆ ಅಷ್ಟು ಸಾಕು,” ಎಂದ ದೊಡ್ಡವನು. ಆದರೂ ವಾಪಸು ಇಸಿದುಕೊಂಡು ಅರ ಹಿಡಿದ.

ನಟ್ಟುಗಳನ್ನು ಬಿಗಿದು ದಿಮ್ಮಿ ತೆಗೆದು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವ ಹೊತ್ತಿಗೆ ಸರಿಯಾಗಿ ಗಾರೆಯವನು ಬಂದ. ತಲೆಗೆ ಸುತ್ತಿದ್ದ ಟವಲ್ಲಿನ ಮೇಲೆ, ರೆಪ್ಪೆಯ ಮೇಲೆ ಕೂಡ ಸಿಮೆಂಟಿನ ಪುಡಿಯಿತ್ತು. “ಅಣ್ಣಾ, ಗಾಡಿ ಇವತ್ತು ಹೋಗುತ್ತೆ ಅಂತ ಟೈರಿನವನು ಹೇಳ್ದ. ಇಟ್ಟಿಗೆ ಲಾರಿ ತಿರುವಲ್ಲಿ ನಿಂತಿದೆ. ಒಳಗೆ ಇಳಿಸ್ಲಾ, ಹೊರಗಾ?”

ಇಬ್ಬರೂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಡಾಕ್ಟ್ರಷ್ಟೇ ತೂಕ ಇದ್ದಾನೆ ಅಲ್ವಾ?” ಎಂದ ಚಿಕ್ಕವನು.

“ಎರಡು ಕಿಲೋ ಆಚೀಚೆ. ಸಿಮೆಂಟು ಕೊಡವಿದ್ರೆ ಸರಿಹೋಗುತ್ತೆ,” ಎಂದ ದೊಡ್ಡವನು. “ಹತ್ತಯ್ಯ ಮೇಲೆ.”

“ನಾನಾ? ನನಗೆ ಗಾಡಿ ಬರಲ್ಲಣ್ಣ.”

“ಓಡಿಸೋಕೆ ಯಾರು ಹೇಳಿದ್ರು? ಕೂತ್ಕೊ ಅಂದೆ.”

ಗಾರೆಯವನು ಚಪ್ಪಲಿ ಬಿಟ್ಟು, ದೇಹವನ್ನು ಹಿಡಿಮಾಡಿಕೊಂಡು ಸ್ಕೂಟರಿನ ಹಿಂಬದಿ ಹತ್ತುವವನ ಹಾಗೆ ಹತ್ತಿ ಕೂತ. ದೊಡ್ಡವನು ಎಡಗಡೆಯಿಂದ ಒಂದು ಕೈಯಲ್ಲಿ ಹ್ಯಾಂಡಲ್ಲು, ಒಂದು ಕೈಯಲ್ಲಿ ಸೀಟಿನ ಅಂಚು ಹಿಡಿದ. ಚಿಕ್ಕವನು ಬಲಗಡೆಯಿಂದ ಹಾಗೇ ಹಿಡಿದ. “ಎರಡೂ ಕಾಲು ಎತ್ತು,” ಎಂದರು.

“ಬಿದ್ರೆ?”

“ಬೀಳಲ್ಲ. ಅಲ್ಲಾಡಬೇಡ ಅಷ್ಟೆ. ಉಸಿರು ಮೆತ್ತಗೆ ಬಿಡು.”

ಅವನು ಎತ್ತಿದ. ಅವನ ಬೂದುಬಣ್ಣದ ಪಾದಗಳು ನೆಲದಿಂದ ಒಂದು ಗೇಣು ಮೇಲೆ ಜೋತುಬಿದ್ದವು. ಗಾಡಿಯ ಮುಂಭಾಗ ಮೆಲ್ಲಗೆ ಕುಸಿದು ನಿಂತಿತು. ನಡುವಿನವಳು ಸ್ಟೀಲಿನ ಸ್ಕೇಲು ಹಿಡಿದು ಚಕ್ರದ ಎದುರಿಗೆ ಮೊಣಕಾಲೂರಿ ಕೂತು, ಎಡಗಾಲಿನ ಹೊಳೆಯುವ ಭಾಗವನ್ನು ಅಳೆದಳು. ಬಲಗಾಲಿನದನ್ನು ಅಳೆದಳು.

“ಎಷ್ಟು?” ಎಂದರು ಇಬ್ಬರೂ.

“ತಾಳಿ. ಅಲ್ಲಾಡ್ತಿದೆ.”

ಗಾಡಿ ಅಲ್ಲಾಡುತ್ತಿರಲಿಲ್ಲ. ಹೊರಗಡೆ ಲಾರಿಯವನು ಒಂದು ಸಲ ಹಾರ್ನ್ ಒತ್ತಿದ. ಅವಳ ತಲೆಯ ಮೇಲೆ ಅವರಿಬ್ಬರೂ ಆಗಲೇ ಮತ್ತೆ ಶುರುಮಾಡಿದ್ದರು, ಹಿಡಿದುಕೊಂಡಿದ್ದ ಕೈ ಹಾಗೇ ಇಟ್ಟುಕೊಂಡು, ಗಾರೆಯವನ ಎದೆಗೆ ಅಡ್ಡಲಾಗಿ: ಹೀಗೆ ಕುಸಿದರೆ ಸಾಕಾ, ಜಾಸ್ತಿಯಾಯಿತಾ, ಸೋದರತ್ತೆಯ ಕಾಲದಲ್ಲಿ ಎಷ್ಟಿದ್ದಿರಬಹುದು. ಅವಳು ಸ್ಕೇಲನ್ನು ಸೆರಗಿನಿಂದ ಒರೆಸಿ ಮತ್ತೆ ಎಡಗಾಲಿನಿಂದ ಹಿಡಿದಳು.

“ಅಕ್ಕಾ, ಇಳೀಲಾ?” ಎಂದ ಗಾರೆಯವನು ಮೇಲಿನಿಂದ, ತುಟಿ ಮಾತ್ರ ಆಡಿಸುತ್ತ.

ಅವಳು ಸ್ಕೇಲನ್ನು ಬಲಗಾಲಿಗೆ ಸರಿಸಿದಳು. ಅವನು ಎರಡೂ ಕಾಲನ್ನು ಗಾಳಿಯಲ್ಲಿ ಹಿಡಿದುಕೊಂಡು, ಬಿಳಿ ರೆಪ್ಪೆಗಳನ್ನು ಮಿಟುಕಿಸುತ್ತ, ಅವರಿಬ್ಬರ ಕೈಗಳ ನಡುವೆ ನೆಟ್ಟಗೆ ಕೂತೇ ಇದ್ದ.